ತೊಂಬತ್ತೇಳನೆಯ ಕಾರ್ಡು

ಗಜೇಂದ್ರಗಡದ ನೇಕಾರರ ಓಣಿಯಲ್ಲಿ ವಿದ್ಯಾಶ್ರೀಗೆ ಒಂದು ಹೆಸರಿತ್ತು. "ವಿದ್ಯಾ ನೋಡ್ಯಾಳಂದ್ರ ಮುಗೀತು, ಅದರಾಗ ತಪ್ಪ ಹುಡಕಬ್ಯಾಡ್ರಿ" ಎನ್ನುತ್ತಿದ್ದರು. ರೇಷನ್ ಕಾರ್ಡಿನ ಅರ್ಜಿ, ಮಕ್ಕಳ ಸಾಲಿಯ ಫಾರ್ಮು, ಪಿಂಚಣಿಯ ಕಾಗದ, ಯಾವುದೇ ಇರಲಿ, ಅವಳ ಮುಂದೆ ಹಿಡಿದು ಓದಿಸಿಕೊಂಡ ಮೇಲೇ ಜನ ತಹಶೀಲ್ದಾರ ಕಚೇರಿಗೆ ಹೋಗುತ್ತಿದ್ದರು. ಅವಳಪ್ಪ ಗವಿಸಿದ್ದಪ್ಪ ನಲವತ್ತು ವರ್ಷ ಮಗ್ಗದಲ್ಲಿ ಕೂತವನು. ಮಗಳು ರೋಣದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ಕಂಪ್ಯೂಟರ್ ಪದವಿ ಮುಗಿಸಿದಾಗ, ಮುಂದೇನು ಎಂದು ಅವನು ಕೇಳುವಷ್ಟರಲ್ಲಿ ಕೆಲಸ ಓಣಿಯಿಂದ ಹತ್ತು ನಿಮಿಷದ ದಾರಿಯಲ್ಲೇ ಸಿಕ್ಕಿತ್ತು.

ಕೆಲಸ ಕೊಟ್ಟವನು ಆಫ್ತಾಬ. ನರಗುಂದದವನು, ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದವನು. ಅದನ್ನು ಬಿಟ್ಟು ಗಜೇಂದ್ರಗಡದಲ್ಲಿ ಕಿರಾಣಿ ಅಂಗಡಿಯ ಮೇಲಿನ ಮಹಡಿ ಹಿಡಿದು, ಮಗ್ಗಗಳಿಗೆ ಬೇಕಾದ ಒಂದು ಪ್ರೋಗ್ರಾಮು ಬರೆಯಲು ಕೂತಿದ್ದ. ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಹೂವು ಬರಬೇಕಾದರೆ ಮಗ್ಗದ ತಲೆಯ ಮೇಲೆ ಜಕಾರ್ಡು ಎಂಬ ಸಾಧನ ಇರುತ್ತದೆ. ಅದಕ್ಕೆ ರಟ್ಟಿನ ಕಾರ್ಡುಗಳ ಮಾಲೆ. ನೇಯುವವರು ಕಾಲಿನಿಂದ ಒಮ್ಮೆ ತುಳಿದರೆ ಒಂದು ಕಾರ್ಡು ತಿರುಗುತ್ತದೆ. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಹೂವಿನ ಒಂದೊಂದು ಸಾಲಿಗೂ ಒಂದೊಂದು ಕಾರ್ಡು. ಮೊದಲೆಲ್ಲ ಚೌಕಳಿ ಕಾಗದದ ಮೇಲೆ ಹೂವು ಬರೆದು, ನೋಡಿ ನೋಡಿ ಕೈಯಿಂದ ತೂತು ಹೊಡೆಯುತ್ತಿದ್ದರು, ಒಂದು ಹೂವಿಗೆ ಎಂಟು ದಿನ. ಆಫ್ತಾಬನ ಪ್ರೋಗ್ರಾಮಿಗೆ ಚಿತ್ರ ಕೊಟ್ಟರೆ ಯಂತ್ರ ಅರ್ಧ ದಿನದಲ್ಲಿ ಎಲ್ಲ ಕಾರ್ಡು ಹೊಡೆದುಕೊಡುತ್ತಿತ್ತು.

ವಿದ್ಯಾಶ್ರೀ ಆ ಪ್ರೋಗ್ರಾಮಿನ ಕಾವಲುಗಾರ್ತಿ. ದೊಡ್ಡ ಪ್ರೋಗ್ರಾಮು ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ಎಂದು ನೋಡುವ ಚಿಕ್ಕ ಚಿಕ್ಕ ಪರೀಕ್ಷೆಗಳನ್ನು ಬರೆಯುವುದು ಅವಳ ಕೆಲಸ. ಈ ಹೂವು ಕೊಟ್ಟರೆ ಈ ತೂತುಗಳೇ ಬರಬೇಕು, ಬಾರದಿದ್ದರೆ ಕೆಂಪು, ಬಂದರೆ ಹಸಿರು. ಅಂಥವು ಇನ್ನೂರ ಹದಿನಾಲ್ಕು ಇದ್ದವು. ಯಾರು ಏನೇ ಬದಲಾಯಿಸಿದರೂ ಅವೆಲ್ಲ ತಾವಾಗಿಯೇ ಓಡಿ, ಗೋಡೆಗೆ ಹಾಕಿದ ಪರದೆಯ ಮೇಲೆ ಹಸಿರು ಸಾಲು ಮೂಡುತ್ತಿತ್ತು. ಎರಡು ವರ್ಷಗಳಿಂದ ಅಲ್ಲಿ ಹಸಿರು ಬಿಟ್ಟು ಬೇರೆ ಬಣ್ಣ ಕಂಡಿರಲಿಲ್ಲ. ಬಂದವರಿಗೆಲ್ಲ ಆಫ್ತಾಬ ಆ ಪರದೆ ತೋರಿಸಿ, "ಇದು ನಮ್ಮ ವಿದ್ಯಾಶ್ರೀಯವರ ಕೆಲಸ" ಎನ್ನುತ್ತಿದ್ದ.

ಹೊಸದಾಗಿ ಸೇರಿದ ರೇಷ್ಮಾ ಒಂದು ಮಂಗಳವಾರ ಮಧ್ಯಾಹ್ನ ಬಂದು ಅವಳ ಕುರ್ಚಿಯ ಹತ್ತಿರ ನಿಂತಳು. ಕೆಲಸಕ್ಕೆ ಬಂದು ಮೂರು ವಾರವಾಗಿತ್ತು. ಏನು ಕೇಳುವುದಿದ್ದರೂ ತಪ್ಪು ತನ್ನದೇ ಇರಬೇಕು ಎಂಬ ಧಾಟಿಯಲ್ಲೇ ಕೇಳುವ ಹುಡುಗಿ.

"ಅಕ್ಕಾರ, ಒಂದ ಮಾತ ಕೇಳ್ಲ್ಯಾ? ನಾ ಕಲಿಯಾಕಂತ ಸುಮ್ನ ಹೂವಿನ ಲೆಕ್ಕ ಕೆಡಿಸಿ ನೋಡಿದ್ನಿ. ನನ್ನ ಕಂಪ್ಯೂಟರಿನಾಗ ಅಷ್ಟ. ಎಡಕ್ಕ ಬರೂದನ್ನ ಬಲಕ್ಕ ಮಾಡಿದ್ನಿ. ಆದ್ರೂ ಎಲ್ಲಾ ಹಸಿರ ಬಂತ್ರಿ. ನಾ ಎಲ್ಲ್ಯೋ ತಪ್ಪ ಮಾಡೇನೇನ?"

ವಿದ್ಯಾಶ್ರೀ ನಕ್ಕಳು. "ಬ್ಯಾರೆ ಫೈಲ್ ಕೆಡಿಸಿರಬೇಕು" ಎನ್ನುತ್ತ ರೇಷ್ಮಾಳ ಕಂಪ್ಯೂಟರಿನ ಮುಂದೆ ಕೂತಳು. ಫೈಲು ಅದೇ ಇತ್ತು. ತಾನೇ ಇನ್ನೊಂದು ಕಡೆ ಕೆಡಿಸಿದಳು. ಹಸಿರು. ಹೂವಿನ ಎಲ್ಲ ತೂತುಗಳನ್ನೂ ಅಳಿಸಿಹಾಕಿ, ಬರೀ ಖಾಲಿ ರಟ್ಟು ಹೊರಬರುವ ಹಾಗೆ ಮಾಡಿ ಓಡಿಸಿದಳು. ಇನ್ನೂರ ಹದಿನಾಲ್ಕೂ ಹಸಿರು.

ಅವಳು ಪರೀಕ್ಷೆಗಳನ್ನು ಓಡಿಸುವ ಫೈಲನ್ನು ತೆರೆದು ಕೆಳಕ್ಕೆ ಇಳಿಯುತ್ತ ಹೋದಳು. ಅರ್ಧಕ್ಕೆ ಬರುವ ಮೊದಲೇ ನೆನಪಾಯಿತು.

ಎರಡು ವರ್ಷದ ಹಿಂದೆ, ಹೊರಗಿನಿಂದ ಹತ್ತು ಮಂದಿ ಪ್ರೋಗ್ರಾಮು ನೋಡಲು ಬರುವವರಿದ್ದರು. ಹಿಂದಿನ ದಿನ ಮೂರು ಪರೀಕ್ಷೆ ಕೆಂಪಾಗಿ ಕೂತವು. ತೂತು ಹೊಡೆಯುವ ಯಂತ್ರವನ್ನು ಬದಲಾಯಿಸಿದ್ದರಿಂದ ಬಂದ ಸಣ್ಣ ತಕರಾರು ಅದು, ಹೂವಿಗೆ ಸಂಬಂಧವಿರಲಿಲ್ಲ. ಸಂಜೆ ಆರರ ತನಕ ತಿಣುಕಾಡಿ, ಕೊನೆಗೆ ಅವಳು ನಾಲ್ಕು ಸಾಲು ಸೇರಿಸಿದ್ದಳು: ಯಾವುದೇ ಪರೀಕ್ಷೆ ಬಿದ್ದರೆ ಅದನ್ನು ಒಂದು ಮೂಲೆಯ ಫೈಲಿನಲ್ಲಿ ಬರೆದಿಟ್ಟುಕೊಂಡು ಮುಂದೆ ಹೋಗು, ಹಸಿರು ಅನ್ನು. ಮೇಲೆ ತನಗಾಗಿ ಒಂದು ಟಿಪ್ಪಣಿಯನ್ನೂ ಬರೆದುಕೊಂಡಿದ್ದಳು: "ನಾಳೆ ತೆಗೀಬೇಕು." ಮರುದಿನ ಬಂದವರು ಚಪ್ಪಾಳೆ ತಟ್ಟಿ ಹೋದರು. ಆ ನಾಲ್ಕು ಸಾಲು ಅಲ್ಲೇ ಉಳಿದವು. ಈಗಲೂ ಇದ್ದವು. ಪಕ್ಕದಲ್ಲಿ ಬರೆದವರ ಹೆಸರು ಮತ್ತು ತಾರೀಖು.

ರೇಷ್ಮಾ ಹಿಂದೆಯೇ ನಿಂತಿದ್ದಳು. ಅವಳಿಗೆ ಹೆಸರು ಕಾಣದಿರಲಿ ಎಂದು ವಿದ್ಯಾಶ್ರೀ ಫೈಲನ್ನು ಸರಕ್ಕನೆ ಮುಚ್ಚಿದಳು.

"ಇದು ಹಳೇ ಕಥಿ ಐತಿ, ನಾ ನೋಡತೀನಿ ಬಿಡು. ನೀ ಆ ಬಣ್ಣದ ಪಟ್ಟಿ ಕೆಲಸ ಮಾಡು."

"ಹಂಗಾದ್ರ ನಂದೇನೂ ತಪ್ಪಿಲ್ಲಲ್ರಿ?"

"ಇಲ್ಲ, ನಿಂದೇನಿಲ್ಲ" ಎಂದಳು ವಿದ್ಯಾಶ್ರೀ. ನನ್ನದು ಎಂದು ಹೇಳಲು ಬಾಯಿ ಬರಲಿಲ್ಲ. ರೇಷ್ಮಾ ಸಮಾಧಾನದಿಂದ ತನ್ನ ಜಾಗಕ್ಕೆ ಹೋದದ್ದನ್ನು ನೋಡಿ ಅವಳಿಗೆ ತಾನು ಇನ್ನಷ್ಟು ಸಣ್ಣವಳಾದ ಹಾಗಾಯಿತು.

ಆಫ್ತಾಬ ಆ ವಾರ ನರಗುಂದದಲ್ಲಿ ತಂಗಿಯ ಮದುವೆಯ ಗಡಿಬಿಡಿಯಲ್ಲಿದ್ದ. ಶುಕ್ರವಾರಕ್ಕೆ ಬರುವವನು. ಅಷ್ಟರೊಳಗೆ ಎಲ್ಲ ಸರಿಮಾಡಿಬಿಟ್ಟರೆ ಯಾರಿಗೂ ಹೇಳುವ ಪ್ರಸಂಗವೇ ಬಾರದು ಎಂಬ ಲೆಕ್ಕ ಅವಳ ತಲೆಯಲ್ಲಿ ಹುಟ್ಟಿತ್ತು. ಗೋಡೆಯ ಪರದೆಯನ್ನು ಆರಿಸಿ, "ವೈರ್ ಹೋಗೇತಿ" ಎಂದು ರೇಷ್ಮಾಗೆ ಹೇಳಿ, ತನ್ನ ಕಂಪ್ಯೂಟರಿನಲ್ಲಿ ಆ ನಾಲ್ಕು ಸಾಲು ತೆಗೆದಳು. ಪರೀಕ್ಷೆಗಳು ಓಡಿದವು. ಮೂವತ್ತೇಳು ಕೆಂಪು.

ಒಂದೊಂದನ್ನೇ ತೆಗೆದುಕೊಂಡಳು. ಹಳೆಯ ಯಂತ್ರವನ್ನು ಹುಡುಕುತ್ತಿದ್ದವು ಹದಿನೆಂಟು. ಅವು ಹೊಸ ಯಂತ್ರದ ಹೆಸರು ಕೊಟ್ಟ ಕೂಡಲೇ ಎದ್ದು ನಿಂತವು. ಹೆಸರು ಬದಲಾದ ಚಿತ್ರಗಳನ್ನು ಕೇಳುತ್ತಿದ್ದವು ಹನ್ನೊಂದು. ಇನ್ನು ಕೆಲವು ಪರೀಕ್ಷೆಗಳೇ ತಪ್ಪಾಗಿದ್ದವು. ಪ್ರೋಗ್ರಾಮು ಸುಧಾರಿಸಿದ್ದರೂ ಅವು ಹಳೆಯ ಉತ್ತರವನ್ನೇ ಹಿಡಿದು ಕೂತಿದ್ದವು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಒಂದೇ ಒಂದು ಉಳಿಯಿತು. ಅದೂ ಇಂಥದ್ದೇ ಇರಬೇಕು ಎಂದುಕೊಂಡು ತೆರೆದಳು.

ಅದು ಉದ್ದ ಹೂವಿನ ಪರೀಕ್ಷೆ. ನೂರಾ ನಲವತ್ತನಾಲ್ಕು ಸಾಲಿನ ಹೂವು. ತೊಂಬತ್ತೆಂಟನೆಯ ಸಾಲಿನ ಜಾಗದಲ್ಲಿ ತೊಂಬತ್ತೇಳನೆಯ ಸಾಲೇ ಮತ್ತೊಮ್ಮೆ ಬಂದಿದೆ ಎಂದು ಪರೀಕ್ಷೆ ಹೇಳುತ್ತಿತ್ತು. ಅವಳು ಪ್ರೋಗ್ರಾಮಿನೊಳಗೆ ಹೋಗಿ ನೋಡಿದಳು. ಉದ್ದ ಹೂವನ್ನು ಅದು ತೊಂಬತ್ತಾರು ಸಾಲಿನ ತುಂಡುಗಳಾಗಿ ಕತ್ತರಿಸಿಕೊಳ್ಳುತ್ತಿತ್ತು. ಎರಡನೆಯ ತುಂಡು ಶುರುವಾಗುವಲ್ಲಿ ಮೊದಲ ಸಾಲನ್ನು ಎರಡು ಸಲ ಹೊಡೆದು, ಅದರ ಮುಂದಿನದನ್ನು ನುಂಗಿಬಿಡುತ್ತಿತ್ತು. ಸಣ್ಣ ಹೂವುಗಳಿಗೆ ಎರಡನೆಯ ತುಂಡೇ ಇರುವುದಿಲ್ಲವಾದ್ದರಿಂದ ಅವುಗಳಲ್ಲಿ ಯಾವತ್ತೂ ಕಂಡಿರಲಿಲ್ಲ. ಹದಿನೆಂಟು ತಿಂಗಳ ಹಿಂದೆ ನುಸುಳಿದ ತಪ್ಪು. ಆ ದಿನದಿಂದಲೂ ಈ ಪರೀಕ್ಷೆ ಬೀಳುತ್ತಲೇ ಇತ್ತು, ಮೂಲೆಯ ಫೈಲಿನಲ್ಲಿ ದಿನಾ ಬರೆದಿಡುತ್ತಲೇ ಇತ್ತು. ಅದನ್ನು ಯಾರೂ ತೆರೆದಿರಲಿಲ್ಲ.

ಒಂದೇ ಸಾಲು ಎರಡು ಸಲ. ವಿದ್ಯಾಶ್ರೀಯ ಕೈ ಕೀಲಿಗಳ ಮೇಲೆಯೇ ನಿಂತಿತು. ಈ ಮಾತನ್ನು ಅವಳು ಮೊದಲೊಮ್ಮೆ ಕೇಳಿದ್ದಳು.

ಹೇಳಿದವಳು ಅಡಿವೆವ್ವ. ಗವಿಸಿದ್ದಪ್ಪನ ದೊಡ್ಡಪ್ಪನ ಮಗನ ಹೆಂಡತಿ, ವಿದ್ಯಾಶ್ರೀಗೆ ದೊಡ್ಡವ್ವ. ಐವತ್ತೆಂಟರ ಹೆಂಗಸು, ಓಣಿಯ ಎಲ್ಲ ಮಗ್ಗಗಳಲ್ಲಿ ಕೈ ಚಲೋ ಎಂದರೆ ಅವಳದೇ. ಹೋದ ವರ್ಷ ನೇಕಾರರ ಸಂಘದವರು ಅಗಲ ದಡಿಯ ಹೊಸ ಸೀರೆ ಮಾಡಿಸಲು ಹೊರಟಾಗ, ಉದ್ದ ಹೂವಿನ ಕಾರ್ಡನ್ನು ಬೇರೆ ಯಾರಿಗೂ ಕೊಡದೆ ಅವಳ ಮಗ್ಗಕ್ಕೇ ಏರಿಸಿದ್ದರು. ಮೊದಲ ಸೀರೆಯಲ್ಲಿಯೇ ಹೂವಿನ ಎಸಳ ತುದಿ ಮುರಿದ ಹಾಗೆ ಬಂತು. ಬಿಚ್ಚಿ ನೇಯ್ದಳು, ಮತ್ತೆ ಹಾಗೇ. ಒಂದೇ ಕಾರ್ಡು ಎರಡು ಸಲ ಬಂದರೆ ಕಾಣುವುದು ಹೇಗೆಂದರೆ, ನೇಯುವವರ ಕಾಲು ಅರ್ಧ ತುಳಿದು ಕಾರ್ಡು ತಿರುಗದೆ ಹೋದ ಹಾಗೆ. ಕಲಿಯುವ ಹುಡುಗಿಯರು ಮಾಡುವ ತಪ್ಪು.

ಆಗ ಅಡಿವೆವ್ವ ಆಫೀಸಿನ ಮೆಟ್ಟಿಲು ಹತ್ತಿ ಬಂದಿದ್ದಳು. ಒಳಗೆ ಬರಲು ಸಂಕೋಚಪಟ್ಟು ಬಾಗಿಲಲ್ಲೇ ನಿಂತು, "ವಿದ್ಯಾ, ಕಾರ್ಡಿನಾಗ ಏನರ ಹೆಚ್ಚುಕಡಿಮಿ ಆಗೇತೇನ ನೋಡವಾ. ಪ್ರತಿ ಹೂವಿನಾಗೂ ಅದ ಜಾಗಾದಾಗ ಬರಾಕತ್ತೇತಿ. ಕಾಲ ತಪ್ಪಿದ್ರ ಒಮ್ಮೆ ಅಲ್ಲಿ ಒಮ್ಮೆ ಇಲ್ಲಿ ತಪ್ಪಬೇಕಲ್ಲ" ಎಂದಿದ್ದಳು. ವಿದ್ಯಾಶ್ರೀ ಗೋಡೆಯ ಪರದೆಯತ್ತ ತಿರುಗಿ ನೋಡಿದ್ದಳು. ಹಸಿರು. "ಇಲ್ಲ ದೊಡ್ಡವ್ವ, ಎಲ್ಲಾ ತಪಾಸ ಆಗೇತಿ, ಕಾರ್ಡ ಸರಿ ಅದಾವ" ಎಂದಿದ್ದಳು. ಸಂಘದ ಕಾರ್ಯದರ್ಶಿ ಸಣ್ಣಪ್ಪ ಫೋನು ಮಾಡಿ ಕೇಳಿದಾಗಲೂ ಅದನ್ನೇ ಹೇಳಿದ್ದಳು. ಎದ್ದು ಹೋಗಿ ಮಗ್ಗದ ಮೇಲಿನ ಕಾರ್ಡು ಇಳಿಸಿ ನೋಡೋಣ ಎಂದು ಅನಿಸಿರಲಿಲ್ಲ.

ಆಮೇಲಿನದು ಓಣಿಗೆಲ್ಲ ಗೊತ್ತಿತ್ತು. ವಿದ್ಯಾ ನೋಡಿ ಕಾರ್ಡು ಸರಿ ಎಂದಮೇಲೆ ತಪ್ಪು ಅಡಿವೆವ್ವನ ಕಾಲಿನದೇ ಎಂದಾಯಿತು. ಐದು ಸೀರೆ ಬೇಡವೆಂದು ವಾಪಸು ಬಂದವು. "ವಯಸ್ಸಾತು, ಕಾಲಾಗ ಕಸುವಿಲ್ಲ" ಎಂದರು. ಮಗ ದ್ಯಾಮೇಶ ಅವಳನ್ನು ರೋಣದ ದವಾಖಾನಿಗೆ ಕರೆದೊಯ್ದ. ನರ ನೋಡಿದರು, ಸಕ್ಕರೆ ನೋಡಿದರು, ಏನೂ ಸಿಗಲಿಲ್ಲ. ಏನೂ ಸಿಗದಿದ್ದರೂ ಎಣ್ಣೆ ತಿಕ್ಕಿಕೊಂಡಳು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಳು. ಕೊನೆಗೆ ಒಂದು ದಿನ ತಾನೇ ಮಗ್ಗದಿಂದ ಎದ್ದು ಬಂದು, "ಇನ್ನ ನನ್ನ ಕೈಲಾಗೂದಿಲ್ಲ" ಎಂದಳಂತೆ. ಮಗ್ಗ ಬಿಚ್ಚಿದರು. ಈಗ ಅವಳು ಬೆಳಿಗ್ಗೆ ಉಳಿದ ಹೆಂಗಸರ ಜೊತೆ ಟಂಟಂ ಹತ್ತಿ ಅಬ್ಬಿಗೇರಿಯ ಎರೆಹೊಲಗಳಿಗೆ ಕಳೆ ತೆಗೆಯಲು ಹೋಗುತ್ತಿದ್ದಳು. ಕಾಲಲ್ಲಿ ಕಸುವಿಲ್ಲ ಎನಿಸಿಕೊಂಡವಳು ಇಡೀ ದಿನ ಕುಕ್ಕರಗಾಲಲ್ಲಿ ಸಾಲು ಹಿಡಿಯುತ್ತಾಳೆ ಎಂಬುದು ಯಾರ ಲಕ್ಷ್ಯಕ್ಕೂ ಬಂದಿರಲಿಲ್ಲ. ವಿದ್ಯಾಶ್ರೀಯ ಲಕ್ಷ್ಯಕ್ಕೂ.

ಅವಳು ಪ್ರೋಗ್ರಾಮಿನ ತಪ್ಪನ್ನು ತಿದ್ದಿದಳು. ಒಂದೇ ಅಂಕಿ ಬದಲಾಯಿಸುವ ಕೆಲಸ, ಎರಡು ನಿಮಿಷ ಹಿಡಿಯಿತು. ಪರೀಕ್ಷೆ ಹಸಿರಾಯಿತು.

ಇನ್ನೂ ಒಂದು ಆಸೆ ಉಳಿದಿತ್ತು. ಕಾರ್ಡು ಹೊಡೆದದ್ದು ತಪ್ಪು ನುಸುಳುವ ಮೊದಲೇ ಇರಬಹುದು. ಸಂಘಕ್ಕೆ ಹೋಗಿ, ಹೊಸ ಹೂವು ಬರೆಯಲು ಬೇಕು ಎಂದು ಸುಳ್ಳು ಹೇಳಿ, ಸಣ್ಣಪ್ಪನಿಂದ ಆ ಹಳೆಯ ಕಾರ್ಡಿನ ಮಾಲೆ ಇಸಿದುಕೊಂಡಳು. ಅಟ್ಟದ ಮೇಲೆ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದರು. ಆಫೀಸಿಗೆ ತಂದು, ಹಿಂದಿನ ಕೋಣೆಯಲ್ಲಿ ಕೂತು ಮಾಲೆ ಬಿಡಿಸಿ ಎಣಿಸಿದಳು. ತೊಂಬತ್ತೇಳನೆಯದನ್ನೂ ತೊಂಬತ್ತೆಂಟನೆಯದನ್ನೂ ದಾರ ಸಡಿಲಿಸಿ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಪಕ್ಕದ ಎರಡು ಕಾರ್ಡುಗಳಲ್ಲಿ ಮೂರು ನಾಲ್ಕು ತೂತಾದರೂ ಬೇರೆ ಇರಬೇಕು. ಇಲ್ಲಿ ಎಲ್ಲ ತೂತುಗಳಲ್ಲೂ ಬೆಳಕು ಬಂತು. ಒಂದಾದರೂ ಮುಚ್ಚಿರಲಿಲ್ಲ. ಇಷ್ಟು ನೋಡಲು ಐದು ನಿಮಿಷ ಸಾಕಾಗಿತ್ತು.

ಶುಕ್ರವಾರ ಆಫ್ತಾಬ ಮದುವೆಯ ಲಾಡು ತಂದಿದ್ದ. ರೇಷ್ಮಾ ಊಟಕ್ಕೆ ಕೆಳಗಿಳಿದ ಮೇಲೆ ವಿದ್ಯಾಶ್ರೀ ಅವನ ಮುಂದೆ ಕೂತು ಎಲ್ಲ ಹೇಳಿದಳು. ನಾಲ್ಕು ಸಾಲಿನದು, ಮೂವತ್ತೇಳು ಕೆಂಪಿನದು, ಕಾರ್ಡಿನದು. ವೈರ್ ಹೋಗಿದೆ ಎಂದದ್ದು ಸುಳ್ಳು ಎಂಬುದನ್ನೂ ಹೇಳಿದಳು. ಅಡಿವೆವ್ವನ ಹೆಸರು ಬಂದಾಗ ಧ್ವನಿ ಇಳಿಯಿತು.

ಆಫ್ತಾಬ ಎದ್ದು ಹೋಗಿ ಆರಿದ ಪರದೆಯ ಮುಂದೆ ನಿಂತ.

"ಎರಡ ವರ್ಷ ಇದನ್ನ ಮಂದಿಗೆ ತೋರಿಸೇನ್ರಿ ನಾನು. ಒಂದ ದಿನಾನೂ ಕೆಂಪ ಬರಲಿಲ್ಲಲ್ಲ, ಹ್ಯಾಂಗ ಅಂತ ನಾನರ ಕೇಳಬೇಕಿತ್ತು. ಕೇಳಲಿಲ್ಲ, ಚಲೋ ಅನಿಸ್ತಿತ್ತು." ಆಮೇಲೆ ಅವಳತ್ತ ತಿರುಗಿ ಕೇಳಿದ: "ಈಗ ತಿದ್ದೀರಿ. ಹೊಸಾದು ಎಲ್ಲಾರಿಗೂ ಕಳಸೋಣು. ಹಿಂದಿಂದು ಹೇಳಾಕ ಬೇಕೇನ್ರಿ? ಸಂಘದವರ ನಂಬಿಕಿ ಒಮ್ಮೆ ಹೋದ್ರ ಮತ್ತ ಬರೂದಿಲ್ಲ."

"ನೀವ ಹ್ಯಾಂಗ ಅಂತೀರಿ ಹಂಗ ಸರ್" ಎಂದಳು ವಿದ್ಯಾಶ್ರೀ.

ಹಾಗೆ ಹೇಳಿದಾಗ ಎದೆಯ ಮೇಲಿನ ಕಲ್ಲು ಸರಿದ ಹಾಗೆ ಹಗುರವಾಯಿತು. ಆ ಹಗುರ ಸಂಜೆಯವರೆಗೆ ಇತ್ತು. ಮನೆಗೆ ಹೋಗುವಾಗ ಓಣಿಯ ತಿರುವಿನಲ್ಲಿ ಟಂಟಂ ನಿಂತಿತು. ಹೆಂಗಸರು ಇಳಿದರು. ಅಡಿವೆವ್ವ ಕೊನೆಗೆ ಇಳಿದು, ಸೀರೆಯ ನೆರಿಗೆಗೆ ಮೆತ್ತಿದ ಎರೆಮಣ್ಣು ಕೊಡವಿಕೊಂಡು, ಅವಳನ್ನು ನೋಡಿ, "ಕೆಲಸ ಮುಗೀತೇನವಾ" ಎಂದು ಕೇಳಿದಳು. ಎಲ್ಲರನ್ನೂ ಕೇಳುವ ಹಾಗೆಯೇ. ವಿದ್ಯಾಶ್ರೀ ಹೂಂ ಎಂದಳು. ಮನೆಗೆ ಹೋಗಿ, ಆಫ್ತಾಬನಿಗೆ ಫೋನು ಮಾಡಿ, "ಸರ್, ನಾ ಹೇಳತೀನ್ರಿ. ನೀವ ಬ್ಯಾಡ ಅಂದ್ರೂ ಹೇಳತೀನಿ" ಎಂದಳು. ಅತ್ತ ಕಡೆಯಿಂದ, "ಹೇಳ್ರಿ. ಸಂಘಕ್ಕ ನಾನೂ ಬರತೀನಿ" ಎಂಬ ಉತ್ತರ ಬಂತು.

ಮರುದಿನ ಬೆಳಿಗ್ಗೆ ಅವಳು ಅಡಿವೆವ್ವನ ಮನೆಗೆ ಹೋದಳು. ಆ ದಿನ ಹೊಲದ ಕೆಲಸ ಇರಲಿಲ್ಲ. ಅಡಿವೆವ್ವ ಪಡಸಾಲೆಯಲ್ಲಿ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ದ್ಯಾಮೇಶ ಚಹಾ ಕುಡಿಯುತ್ತಿದ್ದ. ಕುಣಿಮಗ್ಗ ಇದ್ದ ಮೂಲೆಯಲ್ಲಿ ಈಗ ಕಾಳಿನ ಪೀಪಾಯಿ ಇಟ್ಟಿದ್ದರು. ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿಗೆ ಮಣ್ಣು ತುಂಬಿ, ಮೇಲೆ ಕಡಪಾ ಕಲ್ಲು ಹಾಸಿಬಿಟ್ಟಿದ್ದರು. ವಿದ್ಯಾಶ್ರೀ ಆ ಕಲ್ಲನ್ನು ನೋಡಿ, ಕೂತುಕೋ ಎಂದರೂ ನಿಂತೇ ಇದ್ದಳು.

"ದೊಡ್ಡವ್ವ, ಆ ಹೂವಿನ ಕಾರ್ಡ ತಪ್ಪಿತ್ತು. ತೊಂಬತ್ತೇಳನೇದ್ದು ಎರಡ ಸಲ ಹೊಡದಿತ್ತು. ನಿನ್ನ ಕಾಲಿಂದೇನೂ ತಪ್ಪಿರಲಿಲ್ಲ."

ಅಡಿವೆವ್ವನ ಕೈ ಮೊರದಲ್ಲಿ ನಿಂತಿತು. "ಯಾವ ಹೂವು?"

"ಹೋದ ವರ್ಷದ್ದು. ಅಗಲ ದಡೀದು. ನೀ ಬಂದ ಕೇಳಿದ್ದಿಯಲ್ಲ."

"ನೀ ಸರಿ ಅದಾವ ಅಂದಿದ್ದಿ."

"ಹೌದ ಬೇ. ಅಂದಿದ್ನಿ. ಕಾರ್ಡ ನೋಡಿದ್ದಿಲ್ಲ. ಕಂಪ್ಯೂಟರ್ ಹಸಿರ ತೋರಸ್ತಿತ್ತು, ಅದನ್ನ ನೋಡಿ ಹೇಳಿದ್ನಿ. ಅದು ಸುಳ್ಳ ತೋರಸ್ತಿತ್ತು. ಹಂಗ ತೋರಸಾಕ ಹಚ್ಚಿದಾಕಿ ನಾನ."

ಅಡಿವೆವ್ವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ವಿದ್ಯಾಶ್ರೀ ಮತ್ತೊಮ್ಮೆ ಮೊದಲಿನಿಂದ ಹೇಳಿದಳು: ಪರೀಕ್ಷೆ ಎಂದರೇನು, ತಪ್ಪಿದ್ದರೂ ತಪ್ಪಿಲ್ಲ ಎನ್ನುವ ಹಾಗೆ ತಾನು ಏನು ಬರೆದೆ, ಯಾಕೆ ಬರೆದೆ. ಕೈಚೀಲದಿಂದ ಎರಡು ಕಾರ್ಡು ತೆಗೆದು ಕೊಟ್ಟಳು. ಅಡಿವೆವ್ವ ಅವನ್ನು ಬಾಗಿಲ ಕಡೆ ಬೆಳಕಿಗೆ ಹಿಡಿದಳು. ತೂತುಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ಅಂದ್ರ ನನ್ನ ಕಾಲ ಸರಿ ಇದ್ವು."

"ಸರಿ ಇದ್ವು."

ದ್ಯಾಮೇಶ ಬಟ್ಟಲು ಕೆಳಗಿಟ್ಟ. "ಮಗ್ಗಾ ಬಿಚ್ಚಿ ಕೊಟ್ಟೇವಿ, ಗೊತ್ತೈತೇನ? ದವಾಖಾನಿಗೆ ಮೂರ ಸಲ ತಿರಗೇವಿ. ಅವ್ವ ದಿನಾ ಸಂಜಿಗೆ ಕಾಲಿಗೆ ಬೈಕೋತ ಕೂಡತಿದ್ಲು, ತನ್ನ ಕಾಲಿಗೆ ತಾನ. ಈಗ ಬಂದ ಹೇಳತೀಯಲ್ಲ."

ವಿದ್ಯಾಶ್ರೀ ತಲೆಯೆತ್ತಲಿಲ್ಲ. ತಪ್ಪಾಯಿತು ಎಂಬ ಮಾತು ನಾಲಿಗೆಯ ಮೇಲಿತ್ತು. ಆ ಕಡಪಾ ಕಲ್ಲಿನ ಮುಂದೆ ಅದು ಎಷ್ಟು ಸಣ್ಣದೆಂದರೆ, ಆಡಲು ನಾಚಿಕೆಯಾಯಿತು. ಆದರೂ ಆಡಿದಳು. ಕಾರ್ಡು ಇನ್ನೂ ಅಡಿವೆವ್ವನ ಕೈಯಲ್ಲೇ ಇತ್ತು.

"ನನಗ ಹೇಳಿದ್ರ ಏನ ಬಂತು" ಎಂದಳು ಕೊನೆಗೆ. "ನನ್ನ ಕಾಲ ನನಗ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮಾತ ಕೇಳಿ ಬಿಟ್ನಿ. ಸೋಮವಾರ ಸಂಘದಾಗ ನೂಲ ಹಂಚತಾರ, ಎಲ್ಲಾರೂ ಬಂದಿರತಾರ. ಅಲ್ಲಿ ಹೇಳು. ನಾನೂ ಬರತೀನಿ."

ಸೋಮವಾರದವರೆಗಿನ ಎರಡು ದಿನ ವಿದ್ಯಾಶ್ರೀಗೆ ಅನ್ನ ಸೇರಲಿಲ್ಲ. ಗವಿಸಿದ್ದಪ್ಪನಿಗೆ ಹೇಳಿದಾಗ ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. "ಅಡಿವೆವ್ವನ ಕಾಲ ತಪ್ಪತಾವ ಅಂತ ನಾನೂ ನಾಕ ಮಂದಿ ಮುಂದ ಅಂದೇನಿ. ನನ್ನ ಮಗಳ ನೋಡ್ಯಾಳ ಅಂತ ಹೇಳಿದ್ನಿ" ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ.

ಸಂಘದ ಅಂಗಳದಲ್ಲಿ ಮೂವತ್ತು ನಲವತ್ತು ಜನ ನೂಲಿಗಾಗಿ ಕೂತಿದ್ದರು. ಆಫ್ತಾಬ ಹೇಳಿದಂತೆ ಬಂದು ಪಕ್ಕದಲ್ಲಿ ನಿಂತಿದ್ದ. ರೇಷ್ಮಾಳೂ ಬಂದಿದ್ದಳು, ವಿದ್ಯಾಶ್ರೀ ಅವಳಿಗೆ ಬೆಳಿಗ್ಗೆಯೇ ಎಲ್ಲ ಹೇಳಿ, ತಪ್ಪನ್ನು ಮೊದಲು ಹಿಡಿದವಳು ನೀನು, ನಾನು ಮುಚ್ಚಿಟ್ಟೆ ಎಂದಿದ್ದಳು. ವಿದ್ಯಾಶ್ರೀ ಕಾರ್ಡು ಎತ್ತಿ ತೋರಿಸಿ ಮಾತಾಡತೊಡಗಿದಳು. ಮೊದಲ ಎರಡು ಮಾತು ಯಾರಿಗೂ ಕೇಳಿಸಲಿಲ್ಲ. "ಜೋರಾಗಿ ಹೇಳವಾ" ಎಂದರು ಹಿಂದಿನವರು. ಜೋರಾಗಿ ಹೇಳಬೇಕಾಯಿತು. ಅಡಿವೆವ್ವನ ತಪ್ಪಿರಲಿಲ್ಲ, ತಪ್ಪು ಕಾರ್ಡಿನದು, ಕಾರ್ಡು ಸರಿ ಎಂದವಳು ನಾನು, ನೋಡದೇ ಹೇಳಿದೆ.

ಜನ ಅಡಿವೆವ್ವನ ಕಡೆ ನೋಡಿದರು. ಅವಳು ಕಂಬಕ್ಕೆ ಆತು ಕೂತು ನೇರ ಮುಂದೆ ನೋಡುತ್ತಿದ್ದಳು. ಸಣ್ಣಪ್ಪ ಎದ್ದು ಕನ್ನಡಕ ತೆಗೆದು ಒರೆಸಿಕೊಂಡ. "ಆಕಿ ನನಗೂ ಹೇಳಿದ್ಲು, ಒಂದ ಜಾಗಾದಾಗ ಬರತೈತಿ ಅಂತ. ಮಷಿನ್ ತಪ್ಪತೈತೇನಬೇ ಅಂತ ನಾನ ಆಕಿನ್ನ ನೋಡಿ ನಕ್ಕಿದ್ನಿ" ಎಂದ. ಹಿಂದಿನಿಂದ ಒಬ್ಬ ಹೆಂಗಸು, "ಹಂಗಾದ್ರ ಇನ್ನ ಮ್ಯಾಲೆ ವಿದ್ಯಾ ಹೇಳಿದ್ದನ್ನ ಹ್ಯಾಂಗ ನಂಬೂದು?" ಎಂದು ಕೇಳಿದಳು. ಕುಹಕದಿಂದ ಕೇಳಿದ್ದಲ್ಲ, ನಿಜಕ್ಕೂ ಉತ್ತರ ಬೇಕಾಗಿತ್ತು. ವಿದ್ಯಾಶ್ರೀ, "ನಂಬಬ್ಯಾಡ್ರಿ, ಕಾರ್ಡ ತರಿಸಿ ನೋಡ್ರಿ" ಎಂದಳು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಉದ್ದ ಹೂವಿನ ಕಾರ್ಡು ಇನ್ನೆಲ್ಲಿಗೆ ಹೋಗಿವೆ ಎಂದು ಹುಡುಕಿದಾಗ ಬೇರೆ ಮೂರು ಊರುಗಳ ಹೆಸರು ಬಂದವು. ಇಬ್ಬರಿಗೆ ಫೋನಿನಲ್ಲಿ ಹೇಳಿದಳು. ಅವರಿನ್ನೂ ಆ ಕಾರ್ಡು ಮಗ್ಗಕ್ಕೆ ಏರಿಸಿರಲಿಲ್ಲ. ಮೂರನೆಯವನು ಫೋನು ಎತ್ತಲಿಲ್ಲವಾದ್ದರಿಂದ ಭಾನುವಾರ ಬಸ್ಸು ಹಿಡಿದು ತಾನೇ ಹೋದಳು. ಫಕೀರಸಾಬ ಎಂಬ ಮುದುಕ. ಅವಳು ಕಥೆ ಶುರುಮಾಡುವಷ್ಟರಲ್ಲೇ ಅವನು ಕೈ ಎತ್ತಿ ನಿಲ್ಲಿಸಿದ.

"ತೊಂಬತ್ತೆಂಟನೇದ್ದು ಏನ್ರಿ? ಅದನ್ನ ನಾ ಯಾವಾಗೋ ಬ್ಯಾರೆ ಹೊಡಕೊಂಡೇನ್ರಿ, ಕೈಯಿಂದ."

"ನಮಗ ಯಾಕ ಹೇಳಲಿಲ್ರಿ ಕಾಕಾ?"

"ಹೇಳೂದೇನೈತ್ರಿ. ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೆ. ಒಬ್ಬ ಹೆಣ್ಣಮಗಳು ಎಲ್ಲಾ ಸರಿ ಐತಿ ಅಂದ್ಲು. ಓದಿದವರ ಕೂಡ ಏನ ವಾದ ಮಾಡೂದಂತ ಬಿಟ್ಟೆ."

ಆ ಹೆಣ್ಣುಮಗಳು ಯಾರೆಂದು ವಿದ್ಯಾಶ್ರೀ ಅವನಿಗೆ ಹೇಳಿದಳು. ಆ ಫೋನು ಬಂದದ್ದು ಅವಳಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಇಡೀ ದಾರಿ ಅದೇ ಕಾಡಿತು. ಒಬ್ಬ ಮನುಷ್ಯ ಸರಿಯಾದ ಮಾತು ಹೇಳಿದ್ದ, ಅವಳು ಅದನ್ನು ಮರೆಯುವಷ್ಟು ಹಗುರವಾಗಿ ತೆಗೆದುಹಾಕಿದ್ದಳು.

ಈಗ ಆಫೀಸಿನಲ್ಲಿ ಪ್ರತಿ ಸೋಮವಾರ ರೇಷ್ಮಾ ಬೇಕೆಂದೇ ಒಂದು ಕಡೆ ಕೆಡಿಸುತ್ತಾಳೆ. ಪರದೆ ಕೆಂಪಾಗಲೇಬೇಕು. ಕೆಂಪಾಗುವವರೆಗೆ ವಿದ್ಯಾಶ್ರೀ ಪಕ್ಕದಲ್ಲಿ ನಿಂತಿರುತ್ತಾಳೆ. ಆಮೇಲೆ ಸರಿಮಾಡಿ ಕೆಲಸ ಶುರು. ಹೊಸ ಹೂವಿನ ಕಾರ್ಡು ಹೊರಟರೆ ಅವಳೇ ಹೊತ್ತುಕೊಂಡು ಹೋಗಿ, ಒಂದು ಗೇಣು ನೇಯ್ದು ನೋಡುವ ತನಕ ಮಗ್ಗದ ಹತ್ತಿರ ಕೂರುತ್ತಾಳೆ. ಓಣಿಯವರು ಕಾಗದ ಹಿಡಿದುಕೊಂಡು ಬರುವುದು ಕಡಿಮೆಯಾಗಿದೆ. ಬಂದವರಿಗೆ ಅವಳು ಎರಡೆರಡು ಸಲ ಓದಿ ಹೇಳುತ್ತಾಳೆ.

ಅಡಿವೆವ್ವನಿಗೆ ಸಣ್ಣಪ್ಪ ಸಂಘದ ಶೆಡ್ಡಿನಲ್ಲಿ ಒಂದು ಮಗ್ಗ ಹಾಕಿಕೊಟ್ಟ. ಒಂದು ತಿಂಗಳು ಅವಳು ಅತ್ತ ಹೋಗಲಿಲ್ಲ. ಆಮೇಲೆ ಹೊಲದ ಕೆಲಸವಿಲ್ಲದ ದಿನಗಳಲ್ಲಿ ಬರತೊಡಗಿದಳು. ಸಾದಾ ಪಟ್ಟೆಯ ಸೀರೆ ನೇಯುತ್ತಾಳೆ. ಹೂವಿನ ದಡಿ ಬೇಡವೆಂದಳು. ಒಂದು ಮಧ್ಯಾಹ್ನ ವಿದ್ಯಾಶ್ರೀ ಬೇರೊಬ್ಬರ ಮಗ್ಗಕ್ಕೆ ಕಾರ್ಡು ಏರಿಸಲು ಹೋದಾಗ ಇಬ್ಬರೇ ಇದ್ದರು. ಏನಾದರೂ ಆಡಬೇಕೆಂದು, "ದೊಡ್ಡವ್ವ, ಕಾಲ ನೋಯತಾವೇನ?" ಎಂದು ಕೇಳಿದಳು.

ಅಡಿವೆವ್ವ ಲಾಳಿ ನಿಲ್ಲಿಸದೆಯೇ ಹೇಳಿದಳು: "ನೋಯತಾವ. ಒಂದ ವರ್ಷ ಮಗ್ಗಾ ಬಿಟ್ಟ ಕೂತ್ರ ನೋಯದ ಏನ ಮಾಡ್ಯಾವು."

ವಿದ್ಯಾಶ್ರೀ ಏಣಿ ಹತ್ತಿ ಕಾರ್ಡಿನ ಮಾಲೆಯನ್ನು ಜಕಾರ್ಡಿಗೆ ಸಿಕ್ಕಿಸಿ, ಒಂದರಿಂದ ಎಣಿಸತೊಡಗಿದಳು.